ಹೂ ಗುಡಿಸುತ್ತಿದ್ದ ಅಜ್ಜನಿಗೆ

ಈ ಸಲ ಮೊಂತಿ ಹಬ್ಬಕ್ಕೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗಿದ್ದೆವು. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೂ ಮೊದಲು 9 ದಿನ ನೊವೆನಾ, ಅಂದರೆ ವಿಶೇಷ ಪ್ರಾರ್ಥನೆ. ದಿನಾ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುತ್ತಾರೆ.

ಹಬ್ಬದ ಬೆಳಿಗ್ಗೆ ಜೋರು ಮಳೆ. ಚರ್ಚಿನ ಮೆಟ್ಟಿಲಲ್ಲಿ ಮಗಳು ಜಾರಿದಳು, ಹೂವೆಲ್ಲ ಕೆಸರಿಗೆ ಬಿತ್ತು. ಅವಳ ಅಳು ಕೇಳಬೇಕಿತ್ತು! ಭತ್ತದ ತೆನೆಯ ಕಟ್ಟು ಬಿಚ್ಚುತ್ತಿದ್ದ ನೀವು ಎದ್ದು ಬಂದಿರಿ. ಏನೂ ಕೇಳಲಿಲ್ಲ. ಬೇಲಿಯ ದಾಸವಾಳ ಕೊಯ್ದು ಬುಟ್ಟಿ ತುಂಬಿಸಿದಿರಿ. "ಮಾತೆಗೆ ಇಂಥದ್ದೇ ಹೂ ಆಗ್ಬೇಕು ಅಂತ ಇಲ್ಲ ಮಗಾ" ಅಂದಿರಿ.

ಪೂಜೆ ಮುಗಿಯಿತು. ದೊಡ್ಡವರು ಹೊಸ ತೆನೆಗೆ, ಮಕ್ಕಳು ಕಬ್ಬಿಗೆ ಸಾಲು ನಿಂತರು. ನೀವು ಪೊರಕೆ ಹಿಡಿದು ಒದ್ದೆ ಹೂ ಗುಡಿಸುತ್ತಿದ್ದಿರಿ. ಒಂಬತ್ತು ದಿನವೂ ಇದೇ ಕೆಲಸವಂತೆ, ಪಕ್ಕದವರು ಹೇಳಿದರು. ನೀವೂ ಸಾಲಿಗೆ ಬನ್ನಿ ಅಂದೆ. "ಯಾರೂ ಜಾರದ ಹಾಗೆ ನೋಡ್ಕೊಳ್ಳಿ ಅಂತ ಫಾದರ್ ಹೇಳಿದ್ದಾರೆ. ಇದು ಮುಗೀಲಿ" ಅಂದಿರಿ.

ನನಗೆ ಸ್ವಲ್ಪ ನಾಚಿಕೆಯಾಯಿತು. ನಮ್ಮ ಚರ್ಚಿನಲ್ಲಿ ನಾನು ಹಾಡುವುದು ವಾರಕ್ಕೊಮ್ಮೆ. ಕ್ರಿಸ್ಮಸ್ ದಿನ ಧನ್ಯವಾದ ಹೇಳುವಾಗ ನನ್ನ ಹೆಸರು ಬಿಟ್ಟರೆ ಎರಡು ದಿನ ಮುಖ ಊದಿಸಿಕೊಳ್ಳುತ್ತೇನೆ.

ಮನೆಯಲ್ಲಿ ತೆನೆಯ ಕಾಳು ಸುಲಿದು, ಪುಡಿ ಮಾಡಿ ಹಾಲಿಗೆ ಹಾಕಿ ಕುಡಿದೆವು. ಆಗ ಮಗಳು ಕೇಳಿದಳು, "ಆ ಅಜ್ಜನಿಗೆ ತೆನೆ ಸಿಕ್ತಾ?" ನನಗೆ ಗೊತ್ತಿರಲಿಲ್ಲ. ನಿಮ್ಮ ಹೆಸರನ್ನೂ ಕೇಳಿರಲಿಲ್ಲ.

ದೇವ್ ಬರೆಂ ಕರುಂ, ಅಜ್ಜ. ದೇವರು ನಿಮಗೆ ಒಳ್ಳೆಯದು ಮಾಡಲಿ. ಮುಂದಿನ ವರ್ಷ ಇನ್ನೊಂದು ಪೊರಕೆ ನನಗೂ ಇಟ್ಟಿರಿ.