ಊರಿಗೊಂದು ಚರಿತ್ರೆಯ ಪುಸ್ತಕ ಬೇಕು: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಆದರೆ 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿನ ಕಲ್ಲನ್ನು ಗುರುತಿಸಿ ಓದುವವರೆಗೆ ಅದು ಸುತ್ತಲಿನ ಹತ್ತಾರು ಹಳ್ಳಿಗಳಂತೆ ಒಂದು ಸಣ್ಣ ಹಳ್ಳಿ, ಅಷ್ಟೇ. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುವ ಆ ಹದಿನಾರು ಸಾಲುಗಳ ಶಾಸನದಲ್ಲಿ ಊರಿನ ಹೆಸರು ‘ಪಲ್ಮಿಡಿ’ ಎಂದಿದೆ. ‘ಪಾಲು’ ‘ಹಾಲು’ ಆದಂತೆ ಪಲ್ಮಿಡಿ ಹಲ್ಮಿಡಿಯಾಗಿದೆ. ರಾಜವಂಶಗಳು ಬಂದು ಹೋದವು, ಲಿಪಿ ಗುರುತು ಸಿಗದಷ್ಟು ಬದಲಾಯಿತು, ಊರಿನ ಹೆಸರನ್ನು ಮಾತ್ರ ಅಲ್ಲಿ ಉತ್ತು ಬಿತ್ತಿದ ಜನ ಬಾಯಿಂದ ಬಾಯಿಗೆ ದಾಟಿಸಿ ಉಳಿಸಿಕೊಂಡರು. ಮೂಲ ಕಲ್ಲು ಈಗ ಮೈಸೂರಿನಲ್ಲಿದ್ದು, ಊರಿನಲ್ಲಿ ಅದರ ಪ್ರತಿಕೃತಿಯಿದೆ.

ಹಲ್ಮಿಡಿಗೆ ಸಿಕ್ಕ ಓದುಗ ಎಲ್ಲ ಊರುಗಳಿಗೂ ಸಿಗುವುದಿಲ್ಲ ಎಂಬುದೇ ಈ ಪತ್ರ ಬರೆಯಲು ಕಾರಣ. ಶಾಸನತಜ್ಞ ಬಿ.ಎಲ್. ರೈಸ್ ಅವರ ಕಾಲದಿಂದ ಸಾವಿರಾರು ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ ಸಂಪುಟಗಳನ್ನು ಸೇರಿವೆ. ಅದು ಸಣ್ಣ ಕೆಲಸವಲ್ಲ. ಆದರೂ ಅಕ್ಷರವಿಲ್ಲದ ಕಲ್ಲುಗಳು ಬೇಲಿಸಾಲಿನಲ್ಲಿ, ಕೆರೆಯ ಏರಿಯ ಮೇಲೆ ಹಾಗೆಯೇ ಉಳಿದಿವೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ನಾನು ಕಂಡ ಒಂದು ಕಲ್ಲು ಎಷ್ಟು ಹೂತಿತ್ತೆಂದರೆ ಸ್ವರ್ಗ ಮಾತ್ರ ಮೇಲಿತ್ತು. ಆತ ಯಾರೊಂದಿಗೆ ಕಾದಿದ, ತುರು ಬಿಡಿಸಲು ಸತ್ತನೋ ಊರಿನ ಗಡಿ ಕಾಯಲು ಸತ್ತನೋ ಎಂಬುದನ್ನು ಹೇಳಬೇಕಾಗಿದ್ದ ಭಾಗ ಮಣ್ಣೊಳಗಿತ್ತು, ಅದರ ಮಗ್ಗುಲಲ್ಲೇ ರಸ್ತೆ ಅಗಲಗೊಳಿಸುವ ಜೆಸಿಬಿ ನಿಂತಿತ್ತು.

ಊರಿನ ಚರಿತ್ರೆ ಕಲ್ಲಿನಲ್ಲಷ್ಟೇ ಇಲ್ಲ. ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ; ಜನರ ಬಾಯಲ್ಲಿ ಅದೇ ಜಮೀನು ಕೋಡಿಗದ್ದೆ, ಕಲ್ಲುಹೊಲ, ಹುಣಸೇಮರದ ಹೊಲ. ಹುಣಸೆ ಮರ ಹೋಗಿ ಎಷ್ಟೋ ವರ್ಷವಾದ ಮೇಲೂ ಹೆಸರು ನಿಂತಿರುತ್ತದೆ. ಹೊಲ ಲೇಔಟ್ ಆದ ದಿನ ಅದೂ ಹೋಗುತ್ತದೆ. ಕಂದಾಯ ಇಲಾಖೆಯ ಕಡತದಲ್ಲಿ ‘ಬೇಚರಾಕ್’ (ಜನವಸತಿಯಿಲ್ಲದ್ದು) ಎಂದು ಒಂದೇ ಪದದಲ್ಲಿ ಮುಗಿದುಹೋದ ಗ್ರಾಮಗಳಿವೆ. ಅಲ್ಲಿನ ಜನ ಪ್ಲೇಗಿಗೆ ಹೆದರಿ ಊರು ಬಿಟ್ಟರೋ, ಬರಕ್ಕೋ, ನೀರು ಬತ್ತಿತೋ ಎಂಬುದನ್ನು ನೆರೆಯೂರಿನ ಹಿರಿಯರಷ್ಟೇ ಹೇಳಬಲ್ಲರು. ಕೆರೆಯ ತೂಬು ತೆಗೆದು ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಯ ಲೆಕ್ಕಾಚಾರ ಯಾವ ಇಲಾಖೆಯ ಪುಸ್ತಕದಲ್ಲೂ ಪೂರ್ತಿ ಇಲ್ಲ. ಇನ್ನು ಹೆಣ್ಣುಮಕ್ಕಳ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡವರು ತೀರಾ ಕಡಿಮೆ. ಯಾವ ಬಾವಿಯ ನೀರಿಗೆ ಬೇಳೆ ಬೇಯುತ್ತದೆ, ಯಾವುದರ ನೀರಿಗೆ ಬೇಯುವುದಿಲ್ಲ ಎಂಬುದು ಅಂತರ್ಜಲದ ಪರೀಕ್ಷೆಗಿಂತ ಎಷ್ಟೋ ಮೊದಲು ಅವರಿಗೆ ಗೊತ್ತಿತ್ತು. ಅದೇ ಬಾವಿಯ ಕಟ್ಟೆ ಯಾವ ಕೇರಿಯವರಿಗೆ ನಿಷಿದ್ಧವಾಗಿತ್ತು ಎಂಬುದೂ ಅದೇ ಪುಟದಲ್ಲಿ ದಾಖಲಾಗಬೇಕು. ಊರ ದೇವರ ಜಾತ್ರೆಯನ್ನಷ್ಟೇ ಹೊಗಳಿ, ದೂರ ನಿಂತು ನೋಡಿದವರ ನೆನಪನ್ನು ಬಿಟ್ಟ ಚರಿತ್ರೆ ಅರ್ಧ ಊರಿನದು ಮಾತ್ರ.

ಆದ್ದರಿಂದ, ಪ್ರತಿ ಊರಿಗೂ ಒಂದು ಚರಿತ್ರೆಯ ಪುಸ್ತಕವನ್ನು ಊರಿನವರೇ ಬರೆಯುವಂತೆ ತಾವು ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಇದಕ್ಕೆ ಮಾದರಿ ಈಗಾಗಲೇ ಇದೆ: 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿ ರಚಿಸಿ, ಅಲ್ಲಿನ ಗಿಡ, ಮರ, ಪ್ರಾಣಿ, ತಳಿಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ದಾಖಲಿಸುವ ವ್ಯವಸ್ಥೆಯಿದೆ. ಸ್ಥಳವೂ ಇದೆ: ಪಂಚಾಯಿತಿ ಗ್ರಂಥಾಲಯಗಳು ಇಂದು ತಮ್ಮ ಇಲಾಖೆಯ ಅಡಿಯಲ್ಲೇ ಅರಿವು ಕೇಂದ್ರಗಳಾಗಿವೆ. ಒಂದು ಪಂಚಾಯಿತಿಗೆ ಹಲವು ಊರುಗಳು ಸೇರುವುದರಿಂದ ಪುಸ್ತಕ ಊರುವಾರು ಇರಲಿ, ಬೇಚರಾಕ್ ಗ್ರಾಮಗಳಿಗೂ ಇರಲಿ. ದಯವಿಟ್ಟು ಇದನ್ನು ಗುತ್ತಿಗೆಗೆ ಕೊಡಬೇಡಿ. ಗಡುವಿನ ಭಯಕ್ಕೆ ಒಂದೂರಿನ ಮಾಹಿತಿಯನ್ನೇ ಹೆಸರು ಬದಲಿಸಿ ಇನ್ನೊಂದೂರಿಗೆ ಇಳಿಸುವುದಾದರೆ ಪುಸ್ತಕ ಇಲ್ಲದಿರುವುದೇ ವಾಸಿ. ಪ್ರೌಢಶಾಲೆಯ ಮಕ್ಕಳು ಹಿರಿಯರ ಬಳಿ ಕುಳಿತು ಕೇಳಿ ಬರೆಯಲಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಲಿ. ತಪ್ಪಿದ್ದರೆ ಊರೇ ತಿದ್ದಲಿ. ಪಂಚಾಯಿತಿ ವ್ಯಾಪ್ತಿಯಲ್ಲಿ ರಸ್ತೆ, ಚರಂಡಿ, ಕೆರೆ ಹೂಳೆತ್ತುವ ಯಾವುದೇ ಕಾಮಗಾರಿ ಆರಂಭಿಸುವ ಮೊದಲು ಈ ಪುಸ್ತಕವನ್ನು ನೋಡುವುದು ಕಡ್ಡಾಯವಾಗಲಿ.

ಊರಿನ ಹಳೆಯ ಹೆಸರುಗಳನ್ನು, ತೂಬಿನ ಸರದಿಯನ್ನು, ಬಿಟ್ಟುಹೋದ ಊರುಗಳ ಸಂಗತಿಯನ್ನು ಬಲ್ಲ ಹಿರಿಯರಲ್ಲಿ ಬಹುಪಾಲು ಜನ ಎಂಬತ್ತು ದಾಟಿದವರು. ಮುಂದಿನ ಸುತ್ತಿನ ಗ್ರಾಮಸಭೆಗಳ ಕಾರ್ಯಸೂಚಿಯಲ್ಲೇ ಈ ವಿಷಯವನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

ಗೌರವಪೂರ್ವಕವಾಗಿ,
ಊರೂರಿನ ಕಲ್ಲುಗಳನ್ನು ಓದುತ್ತ ತಿರುಗುವ ಒಬ್ಬ ಹವ್ಯಾಸಿ