ವಂಶವಾಹಿ ತಂತ್ರಜ್ಞಾನದ ಪಾಠ ಕುರಿತು ಹತ್ತನೇ ತರಗತಿ ಮಕ್ಕಳ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರಗಳು.

ವಿಜ್ಞಾನದಲ್ಲಿ ಅನುವಂಶೀಯತೆಯ ಅಧ್ಯಾಯ ಮುಗಿದ ಮೇಲೆ ವಂಶವಾಹಿ (ಜೀನ್) ತಂತ್ರಜ್ಞಾನದ ಬಗ್ಗೆ ಕೆಲವು ಹೆಚ್ಚುವರಿ ತರಗತಿಗಳನ್ನು ನಡೆಸುತ್ತಿದ್ದೇವೆ. ಶಾಲೆ ಕುಲಾಂತರಿ (ಬೇರೆ ಜೀವಿಯ ವಂಶವಾಹಿ ಸೇರಿಸಿದ) ಬೀಜದ ಪರ ಪ್ರಚಾರ ಮಾಡುತ್ತಿದೆಯೇ ಎಂದು ಕೆಲವು ಪೋಷಕರು ಕೇಳಿದ್ದಾರೆ. ಮಕ್ಕಳಲ್ಲಿ ಇಲ್ಲದ ಭಯ ಹುಟ್ಟಿಸುತ್ತಿದ್ದೀರಿ ಎಂದವರೂ ಇದ್ದಾರೆ. ನಮ್ಮ ಉದ್ದೇಶ ಎರಡೂ ಅಲ್ಲ. ಈ ತಂತ್ರಜ್ಞಾನವನ್ನು ಒಟ್ಟಾರೆಯಾಗಿ ಒಪ್ಪುವುದೋ ತಿರಸ್ಕರಿಸುವುದೋ ಎಂದು ಹೊರಡದೆ, ಒಂದೊಂದು ಬಳಕೆಯನ್ನೂ ಅದರ ಸಾಕ್ಷ್ಯದ ಮೇಲೆ ತೂಗಿ ನೋಡಲು ಮಕ್ಕಳು ಕಲಿಯಬೇಕೆಂಬುದು ನಮ್ಮ ಬಯಕೆ.

ಹಾವೇರಿ ಜಿಲ್ಲೆಯ ಮಕ್ಕಳಿಗೆ ಈ ವಿಷಯ ಹೊಸದೇನಲ್ಲ. ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ತಾಯಂದಿರು, ಹೆಣ್ಣು ಸಾಲಿನ ಮೊಗ್ಗಿನ ಕೇಸರಗಳನ್ನು ಸಂಜೆ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಸವರುವುದನ್ನು ಅವರು ನೋಡಿದ್ದಾರೆ. ಧಾರವಾಡದ ವಿಜ್ಞಾನಿಗಳು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿ ಹೀಗೆಯೇ ಹತ್ತಿಯ ಎರಡು ಪ್ರಭೇದಗಳನ್ನು ಕೂಡಿಸಿ ಬಂದದ್ದು. ಅದು ಸಂಕರ ತಳಿ, ಕುಲಾಂತರಿಯಲ್ಲ. ಬಿಟಿ ಹತ್ತಿಯಲ್ಲಿ ಇರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ; ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಅದು ಗಿಡದಲ್ಲಿಯೇ ತಯಾರಾಗುವಂತೆ ಮಾಡುತ್ತದೆ. ಯಾವ ಪರಾಗವೂ ಅದನ್ನು ಹತ್ತಿಗೆ ತಂದುಕೊಡಲಾರದು, ಪ್ರಯೋಗಾಲಯದಲ್ಲಿಯೇ ಸೇರಿಸಬೇಕು. ಈ ವ್ಯತ್ಯಾಸ ಮನದಟ್ಟಾದರೆ ಉಳಿದ ಚರ್ಚೆಗೆ ಅರ್ಥ ಬರುತ್ತದೆ.

ವೈದ್ಯಕೀಯದಲ್ಲಿ ಇದರ ಉಪಕಾರ ನಿಮ್ಮಲ್ಲಿ ಹಲವರ ಮನೆಯೊಳಗೇ ಇದೆ. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ ಅನ್ನು ಹಿಂದೆ ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸಲಾಯಿತು. 1982ರಲ್ಲಿ ಅದು ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಶಿಶುಗಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯೂ ಇದೇ ಬಗೆಯದು. 2023ರ ಕೊನೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆಗೆ ರೋಗಿಯ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಯೊಂದಕ್ಕೆ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ದೊರೆತಿದೆ. ಚಾಮರಾಜನಗರ, ಮೈಸೂರು ಜಿಲ್ಲೆಗಳ ಬುಡಕಟ್ಟು ಕುಟುಂಬಗಳನ್ನು ಕಾಡುವ ರೋಗವಿದು; ಆದರೆ ಅಮೆರಿಕದಲ್ಲಿ ಆ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ಮದ್ದು ಯಾರಿಗೆ ತಲುಪುತ್ತದೆ ಎಂಬುದನ್ನೂ ಮಕ್ಕಳು ಕೇಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನ್ಯಾಯಾಲಯದಲ್ಲಿ ಬಳಕೆಯಾಗುವ ಡಿಎನ್‌ಎ ಪರೀಕ್ಷೆ ವಂಶವಾಹಿಯನ್ನು ಬದಲಿಸುವುದಿಲ್ಲ, ಓದುತ್ತದೆ ಅಷ್ಟೆ. 1984ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಜೆಫ್ರಿಸ್ ಕಂಡುಕೊಂಡ ಈ ವಿಧಾನವನ್ನು ಕೊಲೆ ಪ್ರಕರಣವೊಂದರಲ್ಲಿ ಮೊದಲು ಬಳಸಿದಾಗ, ತಪ್ಪೊಪ್ಪಿಕೊಂಡಿದ್ದ ಯುವಕನೊಬ್ಬ ನಿರಪರಾಧಿ ಎಂಬುದು ಗೊತ್ತಾಯಿತು. ನಿಜವಾದ ಅಪರಾಧಿ ಸಿಕ್ಕಿದ್ದು ನಂತರ. ನಮ್ಮ ದೇಶದಲ್ಲಿ ಇದನ್ನು ಬೆಳೆಸಿದವರು ಹೈದರಾಬಾದಿನ ವಿಜ್ಞಾನಿ ಡಾ. ಲಾಲ್‌ಜಿ ಸಿಂಗ್. ಕಾನೂನಿನ ಇನ್ನೊಂದು ಮುಖ ರೈತರಾದ ನಿಮಗೆ ನೇರವಾಗಿ ಸಂಬಂಧಿಸಿದ್ದು: ತಾನು ಬೆಳೆದ ಬೀಜವನ್ನು ಉಳಿಸಿ, ಮತ್ತೆ ಬಿತ್ತಿ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಎಂಬ ಮಿತಿಯೂ ಅದರಲ್ಲಿದೆ.

ನಮ್ಮ ಪಾಠದಲ್ಲಿ ಹೆಚ್ಚು ಸಮಯ ಹಿಡಿಯುವುದು ಹತ್ತಿಯೇ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಕಾಯಿಕೊರಕದ ಹಾವಳಿ ತಗ್ಗಿ, ಅದಕ್ಕಾಗಿ ಹೊಡೆಯುತ್ತಿದ್ದ ಔಷಧಿ ಕಡಿಮೆಯಾದದ್ದು ನಿಜ. ರಸ ಹೀರುವ ಕೀಟಗಳ ಮೇಲೆ ಅದರ ಪರಿಣಾಮವಿಲ್ಲದಿದ್ದುದೂ, ಕೆಲವೇ ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಬಿಟಿ ವಿಷವನ್ನು ಅರಗಿಸಿಕೊಂಡದ್ದೂ ಅಷ್ಟೇ ನಿಜ. 450 ಗ್ರಾಂ ಬೀಜದ ಜೊತೆಗೆ ಬಿಟಿ ಇಲ್ಲದ 120 ಗ್ರಾಂ ಬೀಜದ ಸಣ್ಣ ಪೊಟ್ಟಣ ಕೊಡುತ್ತಿದ್ದುದು ನಿಮಗೆ ನೆನಪಿರಬಹುದು. ಹೊಲದ ಸುತ್ತ ಅದನ್ನು ಬಿತ್ತಿದರೆ ಅಲ್ಲಿ ವಿಷ ತಟ್ಟದ ಹುಳುಗಳು ಬದುಕಿ, ನಿರೋಧ ಬೆಳೆಸಿಕೊಂಡ ಹುಳುಗಳೊಡನೆ ಕೂಡಿ, ಮುಂದಿನ ಪೀಳಿಗೆಯಲ್ಲಿ ನಿರೋಧ ಬಲಗೊಳ್ಳುವುದು ತಡವಾಗುತ್ತದೆ ಎಂಬುದು ಅದರ ಲೆಕ್ಕಾಚಾರ. ಅನೇಕರು ಆ ಪೊಟ್ಟಣವನ್ನು ಬಿತ್ತಲೇ ಇಲ್ಲ. ಇದಕ್ಕೆ ರೈತರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅದರ ಕಾರಣವನ್ನು ಹೊಲದ ಬದುವಿನ ಮೇಲೆ ನಿಂತು ವಿವರಿಸುವ ಹೊಣೆ ಬೀಜ ಮಾರಿದವರ ಮೇಲೂ ಇತ್ತು. ಬಿಟಿ ಬದನೆಯ ಕಥೆಯೇ ಬೇರೆ. ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ ಬಳಿಕ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು; ಬಾಂಗ್ಲಾದೇಶದ ರೈತರು 2014ರಿಂದ ಅದನ್ನು ಬೆಳೆಯುತ್ತಿದ್ದಾರೆ. ಎರಡು ದೇಶಗಳು ಬೇರೆ ಬೇರೆ ತೀರ್ಮಾನಕ್ಕೆ ಏಕೆ ಬಂದವು ಎಂಬುದರ ಮೇಲೆ ಮಕ್ಕಳು ಚರ್ಚೆ ಸಿದ್ಧಪಡಿಸುತ್ತಿದ್ದಾರೆ.

ಈ ಚರ್ಚೆ ಮುಂದಿನ ತಿಂಗಳ ಮೊದಲ ಶನಿವಾರ ತರಗತಿಯಲ್ಲಿ ನಡೆಯಲಿದೆ. ಬಿಟಿ ಬರುವುದಕ್ಕೆ ಮೊದಲೂ ಆಮೇಲೂ ಹತ್ತಿ ಬೆಳೆದವರು ದಯವಿಟ್ಟು ಬಂದು, ಔಷಧಿಯ ಖರ್ಚು, ಇಳುವರಿ, ಹುಳುವಿನ ಕಾಟಗಳನ್ನು ಕಂಡದ್ದು ಕಂಡಂತೆ ಹೇಳಬೇಕು. ಇದು ಪಠ್ಯಪುಸ್ತಕದಲ್ಲಿ ಸಿಗದ ತಿಳಿವಳಿಕೆ. ಮನೆಯಲ್ಲಿ ಹತ್ತಿ ಬೀಜದ ಖಾಲಿ ಪೊಟ್ಟಣಗಳಿದ್ದರೆ ಕಳುಹಿಸಿ, ಅವುಗಳ ಮೇಲಿನ ಬರಹವನ್ನು ಮಕ್ಕಳು ಓದಿ ಅರ್ಥ ಮಾಡಿಕೊಳ್ಳಲಿ. ಬೀಜೋಪಚಾರದ ಪುಡಿ ಅಂಟಿರುವುದರಿಂದ ಹಿರಿಯರೇ ಅವನ್ನು ತೊಳೆದು ಒಣಗಿಸಿ ಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು