ನನ್ನ ರಾತ್ರಿಗಳನ್ನು ಸುಧಾರಿಸಿದವರಿಗೆ

ಹಾರ್ಮೋನ್ ಇಂಜೆಕ್ಷನ್ ಇನ್ನು ಬೇಡ, ಪಿಎಸ್‌ಎ ಅನ್ನುವ ರಕ್ತಪರೀಕ್ಷೆ ಮಾತ್ರ ಆಗಾಗ ಮಾಡಿಸಿ ನೋಡುತ್ತಿರೋಣ ಅಂತ ಹೋದ ವಾರ ಡಾಕ್ಟರು ಹೇಳಿದರು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್, ಜೊತೆಗೆ ಮೂರು ತಿಂಗಳಿಗೊಂದು ಇಂಜೆಕ್ಷನ್, ಎಲ್ಲಾ ಮುಗಿಯಿತು. ದುಡ್ಡು, ಓಡಾಟ, ಊಟಕ್ಕೆ ಹೆಗಲು ಕೊಟ್ಟವರನ್ನು ಮನೆಗೇ ಬಂದು ಕಾಣುತ್ತೇನೆ. ಇಲ್ಲಿ ಹೇಳಬೇಕಾದ್ದು ಬೇರೆಯವರ ಬಗ್ಗೆ.

ಕ್ಯಾನ್ಸರ್ ಅಂದರೆ ಎಲ್ಲರೂ ನೋವಿದೆಯಾ, ಊಟ ಸೇರುತ್ತಾ ಅಂತ ಕೇಳುತ್ತಾರೆ. ನಿದ್ದೆ ಬರುತ್ತಾ ಅಂತ ಕೇಳಿದ್ದು ಇಂಜೆಕ್ಷನ್ ಕೊಡುವ ಸಿಸ್ಟರ್ ಒಬ್ಬರೇ. "ರಾತ್ರಿ ಮೈ ಬಿಸಿಯೇರಿ ಬೆವರುತ್ತಾ ಅಂಕಲ್? ಎಷ್ಟು ಸಲ ಬಾತ್‌ರೂಮಿಗೆ ಏಳ್ತೀರಿ?" ಇಂಜೆಕ್ಷನ್ ಟೆಸ್ಟೋಸ್ಟಿರಾನ್ ಇಳಿಸುತ್ತದೆ, ಆಗ ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗಕ್ಕೆ ಗಲಿಬಿಲಿ ಅಂತ ವಿವರಿಸಿದವರೂ ಅವರೇ. ಮುಟ್ಟು ನಿಲ್ಲುವಾಗ ಹೆಂಗಸರಿಗೆ ಆಗುವುದೂ ಹೆಚ್ಚುಕಡಿಮೆ ಇದೇ ಅಂತೆ. "ನಾನು ಪಟ್ಟಿದ್ದು ಈಗ ಗೊತ್ತಾಯ್ತಲ್ಲ" ಅಂದಳು ನನ್ನಾಕೆ. ಅಂದಳೇ ಹೊರತು, ಆ ರಾತ್ರಿಯಿಂದ ದಿಂಬಿನ ಪಕ್ಕ ಒಣ ಬನಿಯನ್, ಟವೆಲ್ ತಪ್ಪಲಿಲ್ಲ. ದಪ್ಪ ರಗ್ಗು ಹೋಗಿ ಹತ್ತಿಯ ಹೊದಿಕೆ ಬಂತು.

ಸಿಸ್ಟರ್ ಹೇಳಿದ್ದಕ್ಕೇ ಡಾಕ್ಟರು ನನ್ನನ್ನು ಕೌನ್ಸೆಲಿಂಗ್ ಮೇಡಂ ಹತ್ತಿರ ಕಳಿಸಿದರು. ನಿದ್ದೆ ಮಾತ್ರೆ ಕೇಳಿದೆ. ಈ ಇಂಜೆಕ್ಷನ್ ಮೂಳೆಯನ್ನೂ ಸವೆಸುತ್ತದೆ, ಮಂಪರಿನಲ್ಲಿ ಬಚ್ಚಲಲ್ಲಿ ಜಾರಿದರೆ ಏನು ಗತಿ ಅಂದರು. ಸಿಬಿಟಿ-ಐ ಅನ್ನುವ, ಮಾತ್ರೆಯಿಲ್ಲದ ಚಿಕಿತ್ಸೆ ಶುರುವಾಯಿತು. ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬಾರದು, ಎದ್ದು ಬೇರೆ ಕಡೆ ಕೂರಬೇಕು. ಕಣ್ಣು ಎಳೆದಾಗ ಮಾತ್ರ ವಾಪಸ್. ಮಧ್ಯಾಹ್ನದ ನಿದ್ದೆ, ಸಂಜೆ ಕಾಫಿ ಬಂದ್. ಮೊದಲ ಕೆಲವು ವಾರ ಮೇಡಂ ಮೇಲೆ ಸಿಟ್ಟೇ ಬರುತ್ತಿತ್ತು, ಸುಸ್ತು ಇನ್ನೂ ಜಾಸ್ತಿಯಾಗಿತ್ತು! ಆಮೇಲೆ ನಿಧಾನಕ್ಕೆ ನಿದ್ದೆ ಹತ್ತತೊಡಗಿತು. ಅವರು ಪುಸ್ತಕದಲ್ಲಿ ಬರೆಸುತ್ತಿದ್ದ ನಿದ್ದೆಯ ಲೆಕ್ಕ ನೋಡಿದರೆ ನನಗೇ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಐದೂವರೆಗೆ ಗೇಟು ಬಡಿದು ವಾಕಿಂಗ್‌ಗೆ ಎಳೆದುಕೊಂಡು ಹೋದ ಪಕ್ಕದ ಮನೆ ಮೇಷ್ಟ್ರಿಗೆ ನನ್ನ ಬೈಗುಳವೂ, ನಮಸ್ಕಾರವೂ.

ಆದರೆ ಪಿಎಸ್‌ಎ ರಿಪೋರ್ಟ್ ಬರುವ ಹಿಂದಿನ ರಾತ್ರಿಗೆ ಯಾವ ನಿಯಮವೂ ನಾಟದು. ಒಪಿಡಿ ಬೆಂಚಿನ ಮೇಲೆ ಪರಿಚಯವಾದ ಗೆಳೆಯರೊಬ್ಬರಿದ್ದಾರೆ, ಅವರದೂ ಇದೇ ಕಾಯಿಲೆ. ಅಂಥ ರಾತ್ರಿ ಫೋನ್ ಮಾಡಿದರೆ ಎತ್ತುತ್ತಿದ್ದರು. ಕ್ಯಾನ್ಸರ್ ಸುದ್ದಿ ಬಿಟ್ಟು ಕ್ರಿಕೆಟ್, ಮಳೆ, ಅಡಿಕೆ ರೇಟು ಮಾತಾಡುತ್ತಿದ್ದೆವು. ಅವರಿಗೆ ಇನ್ನೂ ಇಂಜೆಕ್ಷನ್ ಬಾಕಿ ಇವೆ. ನನಗೂ ಬೆವರು ಪೂರ್ತಿ ನಿಲ್ಲಲು ಕೆಲವು ತಿಂಗಳು ಬೇಕಂತೆ. ನನ್ನ ಫೋನ್ ರಾತ್ರಿ ಆನ್ ಇರುತ್ತದೆ ಅಂತ ಅವರಿಗೆ ಹೇಳಿದ್ದೇನೆ.